ತಿಣುಕುವವರು, ಕಂಬಳಿ ಒಟ್ಟುವವರು

ಸೈನ್ಯದಲ್ಲಿ ಒಂದೊಂದು ಕೆಲಸಕ್ಕೂ ಎರಡೆರಡು ಹೆಸರುಗಳಿರುತ್ತವೆ. ಮೊದಲನೆಯದು ನೇಮಕಾತಿ ಪತ್ರದಲ್ಲಿ, ಸಂಬಳದ ಪಟ್ಟಿಯಲ್ಲಿ, ಪದಕದ ಶಿಫಾರಸಿನಲ್ಲಿ ಕಾಣಿಸಿಕೊಳ್ಳುವ ಸರ್ಕಾರಿ ಹೆಸರು. ಎರಡನೆಯದು ಬ್ಯಾರಕ್ಕಿನಲ್ಲಿ, ಕಂದಕದಲ್ಲಿ, ಹಡಗಿನ ಡೆಕ್ಕಿನ ಮೇಲೆ ಜೊತೆಯವರು ಕೂಗಿ ಕರೆಯುವ ಹೆಸರು. ಸರ್ಕಾರಿ ಹೆಸರು ಆ ಮನುಷ್ಯ ಏನು ಮಾಡಬೇಕೆಂಬುದನ್ನು ಹೇಳಿದರೆ, ಕೂಗುವ ಹೆಸರು ಅವನನ್ನು ಪಕ್ಕದ ಕೆಲಸದವನು ಹೇಗೆ ಕಾಣುತ್ತಾನೆಂಬುದನ್ನು ಹೇಳುತ್ತದೆ. ಕಸುಬು ಹೆಸರಿಗೆ ಅಂಟಿಕೊಳ್ಳುವ ರೀತಿ ಕನ್ನಡಿಗರಿಗೆ ಹೊಸದಲ್ಲ: ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರನ್ನೇ ಅಡ್ಡಹೆಸರೆನ್ನುವ ರೂಢಿಯಿದ್ದು, ಬಡಿಗೇರ, ಪತ್ತಾರ, ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಸಾಲಿನಲ್ಲೇ ಹವಾಲ್ದಾರ, ಜಮಾದಾರ, ಬಾರಗೀರ, ಗೋಲಂದಾಜ ಎಂಬವೂ ಸಿಗುತ್ತವೆ. ಬಾರಗೀರನೆಂದರೆ ಸ್ವಂತ ಕುದುರೆಯಿಲ್ಲದೆ ದೊರೆ ಕೊಟ್ಟ ಕುದುರೆಯೇರಿ ಕಾದುವ ಸವಾರ, ಗೋಲಂದಾಜನೆಂದರೆ ಫಿರಂಗಿ ಹಾರಿಸುವವನು. ಕುದುರೆಯೂ ಫಿರಂಗಿಯೂ ಹೋಗಿ ತಲೆಮಾರುಗಳು ಕಳೆದರೂ ಹೆಸರು ಮಾತ್ರ ರೇಷನ್ ಕಾರ್ಡಿನಲ್ಲಿ ಉಳಿದಿದೆ.

ಸೈನಿಕರ ನಡುವಿನ ಅಡ್ಡಹೆಸರುಗಳನ್ನು ಬರಿಯ ತಮಾಷೆಯೆಂದು ಬದಿಗಿಡುವಂತಿಲ್ಲ. ಸೈನ್ಯದ ಅಧಿಕೃತ ಭಾಷೆ ಎಲ್ಲ ಕೆಲಸಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅದರ ಲೆಕ್ಕದಲ್ಲಿ ಗುಂಡಿಗೆ ಎದೆಯೊಡ್ಡುವವನೂ ಅವನಿಗೆ ಹೊದೆಯಲು ಬೇಕಾದ ಕಂಬಳಿಯ ಲೆಕ್ಕ ಬರೆಯುವವನೂ ಸಮಾನವಾಗಿ ದೇಶಸೇವಕರು. ಆ ಮಾತು ಸುಳ್ಳಲ್ಲವಾದರೂ, ಇಬ್ಬರಲ್ಲಿ ಯಾರು ಸಾಯುವ ಸಂಭವ ಹೆಚ್ಚು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವುದು ಅಡ್ಡಹೆಸರಿನಲ್ಲಿ. ಮುಖ್ಯವಾಗಿ ಬ್ರಿಟನ್ ಮತ್ತು ಅಮೆರಿಕಗಳ, ಜೊತೆಗೆ ಫ್ರಾನ್ಸ್ ಮತ್ತು ಜರ್ಮನಿಗಳ ಪಡೆಗಳಲ್ಲಿ ಹುಟ್ಟಿದ ಇಂಥ ಹೆಸರುಗಳನ್ನು ಒಟ್ಟಿಗಿಟ್ಟು ನೋಡಿದರೆ, ಹೆಸರು ಹೊತ್ತವನು ಗುಂಡಿನಿಂದ ದೂರ ಸರಿದಷ್ಟೂ ಹೆಸರಿನ ಖಾರ ಏರುತ್ತ ಹೋಗುವುದು ಕಾಣುತ್ತದೆ.

ಗುಂಡಿಗೆ ಅತಿ ಹತ್ತಿರದಲ್ಲಿರುವವನು ಪದಾತಿ, ಅಂದರೆ ಕಾಲ್ನಡಿಗೆಯ ಸೈನಿಕ. ಅಮೆರಿಕದ ಪಡೆಗಳಲ್ಲಿ 1960ರ ದಶಕದ ವಿಯೆಟ್ನಾಂ ಯುದ್ಧದಿಂದೀಚೆಗೆ ಅವನಿಗೆ ಅಂಟಿಕೊಂಡ ಹೆಸರು ‘ಗ್ರಂಟ್’. ಭಾರ ಎತ್ತುವಾಗ ಗಂಟಲಿನಿಂದ ತಾನಾಗಿ ಹೊರಡುವ ಉಸಿರುಗಟ್ಟಿದ ಸದ್ದಿಗೆ ಇಂಗ್ಲಿಷಿನಲ್ಲಿರುವ ಪದವೇ ಇದು. ಕನ್ನಡದಲ್ಲಿ ಹೇಳುವುದಾದರೆ ‘ತಿಣುಕುವವನು’. ಸೈನ್ಯಕ್ಕೆ ಬರುವ ಮುನ್ನ ಈ ಪದ ವಿದ್ಯುತ್ ತಂತಿ ಎಳೆಯುವ ಕೆಲಸಗಾರರಲ್ಲಿ ಬಳಕೆಯಲ್ಲಿತ್ತು: ಕಂಬ ಹತ್ತಿದವನು ಮೇಲೆ ತಂತಿ ಬಿಗಿಯುತ್ತಿದ್ದರೆ, ಬುಡದಲ್ಲಿ ನಿಂತು ಹಗ್ಗ ಜಗ್ಗಿ ಸಾಮಾನು ಮೇಲಕ್ಕೆ ಕಳಿಸುವ ಸಹಾಯಕನನ್ನು ಹಾಗೆ ಕರೆಯುತ್ತಿದ್ದರು. ವಿಯೆಟ್ನಾಮಿನ ಗದ್ದೆ, ಕಾಡುಗಳಲ್ಲಿ ರೈಫಲ್ಲು, ಮದ್ದುಗುಂಡು, ನೀರು, ಡಬ್ಬಿಯೂಟ, ಸಲಿಕೆ, ಮಳೆಹೊದಿಕೆಗಳೆಲ್ಲ ಸೇರಿ 25–30 ಕಿಲೋ ಹೊತ್ತು ದಿನಗಟ್ಟಲೆ ನಡೆಯುತ್ತಿದ್ದ ಹುಡುಗರಿಗೆ ಆ ಹೆಸರು ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪಿತು. ಪದದಲ್ಲಿ ಖಡ್ಗವಿಲ್ಲ, ಕಹಳೆಯಿಲ್ಲ. ಇರುವುದು ಬೆನ್ನ ಮೇಲಿನ ಭಾರವೊಂದೇ.

ಬೇರೆ ಭಾಷೆಗಳ ಸೈನಿಕರೂ ಪದಾತಿಯ ವಿಷಯದಲ್ಲಿ ಇದೇ ಜಾಡು ಹಿಡಿದಿದ್ದಾರೆ. ಫ್ರೆಂಚರು ಅವನನ್ನು ‘ಪೂಸ್ ಕಾಯೂ’, ಅಂದರೆ ದಾರಿಯ ಕಲ್ಲುಹರಳು ತಳ್ಳುತ್ತ ಹೋಗುವವನು ಎಂದರು. ‘ಬಿಫ್ಯಾಂ’ ಎಂಬ ಅವರ ಇನ್ನೊಂದು ಹೆಸರಿಗೆ ಚಿಂದಿ ಆಯುವವನು ಎಂಬ ಮೂಲಾರ್ಥವಿದ್ದು, ಸಂಸಾರವನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ತಿರುಗುವವನ ಮೂಟೆ ಅದರ ಹಿಂದಿದೆ. ಜರ್ಮನರ ಪದಾತಿ ‘ಷ್ಟೊಪೆಲ್‌ಹಾಪ್ಸರ್’, ಕೊಯ್ಲು ಮುಗಿದ ಹೊಲದ ಕೂಳೆಗಳ ನಡುವೆ ಕುಪ್ಪಳಿಸುವವನು. ಮೊದಲ ಮಹಾಯುದ್ಧದ ಬ್ರಿಟಿಷ್ ಪದಾತಿಗಳು ತಮ್ಮನ್ನು ತಾವೇ ‘ಪಿ.ಬಿ.ಐ.’ ಎಂದು ಕರೆದುಕೊಂಡರು. ಪಾಪದ ಹಾಳು ಪದಾತಿದಳ ಎಂಬರ್ಥದ ಮಾತಿನ ಮೊದಲಕ್ಷರಗಳವು. ರಷ್ಯನ್ನರು ಮಾತ್ರ ಪದಾತಿದಳವನ್ನು ‘ಹೊಲಗಳ ರಾಣಿ’ಯೆಂದೂ ಫಿರಂಗಿದಳವನ್ನು ‘ಯುದ್ಧದ ದೇವರು’ ಎಂದೂ ಮೆರೆಸಿದರು. ಇವೆರಡರಲ್ಲೂ ಕಂದಕಕ್ಕಿಂತ ವೇದಿಕೆಯ ವಾಸನೆ ಹೆಚ್ಚು. ಕೆಸರಿನಲ್ಲಿ ನಿಂತವನು ತನ್ನನ್ನು ರಾಣಿಯೆಂದು ಕರೆದುಕೊಳ್ಳುವುದು ಅಪರೂಪ.

ಮುಂಚೂಣಿಯಿಂದ ಹಿಂದಕ್ಕೆ ಸರಿದೊಡನೆ ದನಿ ಬದಲಾಗುತ್ತದೆ. ಆಧುನಿಕ ಸೈನ್ಯವೊಂದರಲ್ಲಿ ಗುಂಡು ಹಾರಿಸುವವರಿಗಿಂತ ಅವರಿಗೆ ಅನ್ನ, ಎಣ್ಣೆ, ಬಟ್ಟೆ, ಸಂಬಳ, ಕಾಗದ ಒದಗಿಸುವವರ ಸಂಖ್ಯೆಯೇ ದೊಡ್ಡದು, ಹಾಗಾಗಿ ಅಡ್ಡಹೆಸರುಗಳ ದೊಡ್ಡ ರಾಶಿಯೂ ಅವರ ಪಾಲಿಗೇ ಬಿದ್ದಿದೆ. ಅಮೆರಿಕದ ನೆಲಸೇನೆಯಲ್ಲೂ ಮರೀನ್ ದಳದಲ್ಲೂ ಹಿಂದುಳಿಯುವ ಕೆಲಸದವನು ‘ಪೋಗ್’. ಈ ಹಳೆಯ ಬೈಗುಳಕ್ಕೆ ಮುಂದೆ ಯಾರೋ ‘ಗ್ರಂಟ್ ಅಲ್ಲದ ವ್ಯಕ್ತಿ’ ಎಂಬ ವಿಸ್ತರಣೆ ಹೊಂದಿಸಿದ್ದರಿಂದ, ಜಗತ್ತಿನಲ್ಲಿ ತಿಣುಕುವವರು ಮತ್ತು ಉಳಿದವರು ಎಂಬ ಎರಡೇ ಜಾತಿಗಳಿವೆ ಎಂಬಂತಾಯಿತು. ಟೈಪ್‌ರೈಟರಿನ ಕಾಲದಲ್ಲಿ ಸೈನ್ಯದ ಗುಮಾಸ್ತರು ‘ರೆಮಿಂಗ್ಟನ್ ರೇಡರ್ಸ್’, ಅಂದರೆ ರೆಮಿಂಗ್ಟನ್ ಯಂತ್ರ ಹಿಡಿದು ದಾಳಿಗೆ ಹೊರಡುವವರು ಎನಿಸಿಕೊಂಡರು. ವಿಮಾನದಿಂದ ಧುಮುಕುವ ‘ಏರ್‌ಬೋರ್ನ್’ ಪಡೆಗೆ ಪ್ರಾಸ ಹೊಂದಿಸಿ ಕುರ್ಚಿಯಿಂದ ಇಳಿಯದವರನ್ನು ‘ಚೇರ್‌ಬೋರ್ನ್’ ಎಂದರು. ಇರಾಕ್ ಯುದ್ಧದಲ್ಲಿ ಮುಳ್ಳುತಂತಿ, ಕಾಂಕ್ರೀಟ್ ಗೋಡೆಗಳಿಂದ ಭದ್ರವಾದ ಶಿಬಿರವನ್ನು ‘ಫಾಬ್’ ಎಂದು ಮೊದಲಕ್ಷರಗಳಿಂದ ಕರೆಯುತ್ತಿದ್ದರು. ಆ ಗೋಡೆ ದಾಟಿ ಹೊರಗೆ ಹೋಗದವನನ್ನು, ಬಿಲದ ಮನೆಯಲ್ಲಿ ಬೆಚ್ಚಗಿರಲು ಬಯಸುವ ಟೋಲ್ಕಿನ್‌ನ ಹಾಬಿಟ್‌ಗೆ ಹೋಲಿಸಿ ‘ಫಾಬಿಟ್’ ಎಂದರು. ಡೇವಿಡ್ ಏಬ್ರಮ್ಸ್ ಎಂಬ ಲೇಖಕನ 2012ರ ಕಾದಂಬರಿಯೊಂದಕ್ಕೆ ಅದೇ ಹೆಸರಿದೆ. ಇಸ್ರೇಲಿನ ಪಡೆಯಲ್ಲಿ ಇಂಥವನು ‘ಜಾಬ್‌ನಿಕ್’, ಸೈನ್ಯಕ್ಕೆ ಬಂದೂ ನೌಕರಿ ಮಾಡಿಕೊಂಡಿರುವವನು.

ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕನಿಗೆ ಈ ಜನರನ್ನು ಹೆಸರಿಸಲು ಇಂಗ್ಲಿಷ್ ಸಾಲದೆ ಹೋದದ್ದು ಸ್ವಾರಸ್ಯಕರ. ಫ್ರಾನ್ಸಿನ ರೇವುಪಟ್ಟಣಗಳಲ್ಲಿದ್ದ ನೆಲೆಗಳಲ್ಲಿ ಸುರಕ್ಷಿತವಾಗಿ ಕೂತಿದ್ದವರನ್ನು ಅವನು ‘ಬೇಸ್ ವಾಲಾ’ ಎಂದು ಕರೆದ. ಭಾರತದ ಕಂಟೋನ್ಮೆಂಟುಗಳಲ್ಲಿ ವರ್ಷಗಟ್ಟಲೆ ಕಳೆದ ಹಳಬರು ದೂಧ್‌ವಾಲಾ, ಚಾಯ್‌ವಾಲಾಗಳಿಂದ ಕಿತ್ತುಕೊಂಡು ಹೋದ ಆ ಪ್ರತ್ಯಯ ಇಂಗ್ಲೆಂಡಿನ ಹಳ್ಳಿಯ ಹುಡುಗನ ಬಾಯಲ್ಲೂ ಹೊರಳತೊಡಗಿ, ಪ್ರಾರ್ಥನೆ ಹೇಳಿಸುವ ಪಾದ್ರಿಯೂ ‘ಆಮೆನ್ ವಾಲಾ’ ಆದ. ವಿಲಾಯತಿ ಎಂಬ ಪದ ‘ಬ್ಲೈಟಿ’ಯಾಗಿ ತಾಯ್ನಾಡಿನ ಹೆಸರಾದದ್ದೂ, ಬ್ರಿಟಿಷ್ ನೌಕಾಪಡೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಇಂದಿಗೂ ‘ಧೋಬಿ’ ಎಂಬ ಪದ ಉಳಿದದ್ದೂ ಇದೇ ದಾರಿಯಲ್ಲಿ. ಇದೇ ಯುದ್ಧದಲ್ಲಿ ಜರ್ಮನರಿಗೆ ಹಿಂಬದಿಯವನು ‘ಎಟಾಪೆನ್‌ಷ್ವೈನ್’, ಅಂದರೆ ಠಾಣ್ಯದ ಹಂದಿ, ಮುಂಚೂಣಿಯವನು ‘ಫ್ರಂಟ್‌ಷ್ವೈನ್’, ರಣರಂಗದ ಹಂದಿ. ಎರಡೂ ಹಂದಿಗಳೇ ಆದರೂ ಮೊದಲನೆಯದು ಬೈಗುಳ, ಎರಡನೆಯದು ಸ್ವಂತದ ಮೇಲಿನ ಅಭಿಮಾನ.

ದಳಗಳ ಮೊದಲಕ್ಷರಗಳನ್ನು ಹಿಡಿದು ಬೇರೆ ಅರ್ಥ ಹೊಂದಿಸುವುದು ಬ್ರಿಟಿಷರಿಗೆ ಬಹು ಪ್ರಿಯವಾದ ಆಟವಾಗಿತ್ತು. ಆಹಾರ, ಮೇವು, ಮದ್ದುಗುಂಡು ಸಾಗಿಸುತ್ತಿದ್ದ ಆರ್ಮಿ ಸರ್ವಿಸ್ ಕೋರ್ ಎಂಬ ದಳದ ಮೊದಲಕ್ಷರಗಳು ಎ.ಎಸ್.ಸಿ.; ಪದಾತಿಗಳು ಅದನ್ನು ‘ಆಲಿ ಸ್ಲೋಪರ್ಸ್ ಕ್ಯಾವಲ್ರಿ’, ಅಂದರೆ ಆಲಿ ಸ್ಲೋಪರನ ಅಶ್ವದಳ ಎಂದು ಓದಿದರು. ಆಲಿ ಸ್ಲೋಪರ್ 1867ರಲ್ಲಿ ಲಂಡನ್ನಿನ ಹಾಸ್ಯಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ ಚಿತ್ರಕಥೆಯ ಪಾತ್ರ. ಬಾಡಿಗೆ ವಸೂಲಿಗಾರ ಬಂದಾಗ ಓಣಿ ಹಿಡಿದು ಜಾರಿಕೊಳ್ಳುವವನೆಂಬ ಅರ್ಥ ಆ ಹೆಸರಿನಲ್ಲೇ ಇದೆ. ಈ ಗೇಲಿಯ ಹಿಂದೆ ಲೆಕ್ಕದ ಸಿಟ್ಟೂ ಇತ್ತು, ಏಕೆಂದರೆ ಕಂದಕದಲ್ಲಿ ನಿಂತ ಪದಾತಿಗೆ ದಿನಕ್ಕೆ 1 ಶಿಲ್ಲಿಂಗ್ ಸಿಗುತ್ತಿದ್ದಾಗ ಆ ದಳಕ್ಕೆ ಸೇರಿದ ಲಾರಿ ಚಾಲಕರು ಅದರ ಕೆಲವು ಪಟ್ಟು ಪಡೆಯುತ್ತಿದ್ದರು. 1898ರಲ್ಲಿ ಸ್ಥಾಪನೆಯಾದ ರಾಯಲ್ ಆರ್ಮಿ ಮೆಡಿಕಲ್ ಕೋರ್‌ನ ಆರ್.ಎ.ಎಂ.ಸಿ. ಎಂಬ ಅಕ್ಷರಗಳಿಗೆ ‘ನನ್ನ ಸಂಗಾತಿಗಳನ್ನೆಲ್ಲ ದೋಚು’ ಎಂಬರ್ಥದ ಇಂಗ್ಲಿಷ್ ವಾಕ್ಯ ಹೊಂದಿಕೊಂಡಿತು. ಪ್ರಜ್ಞೆ ತಪ್ಪಿದವನ ಜೇಬಿನಲ್ಲಿದ್ದ ಗಡಿಯಾರ ಆಸ್ಪತ್ರೆ ತಲುಪುವಷ್ಟರಲ್ಲಿ ಮಾಯವಾಗುತ್ತದೆಂಬ ಗುಮಾನಿ ಅದರಲ್ಲಿ ಅಡಗಿದೆ. 1941ರಲ್ಲಿ ರೂಪುಗೊಂಡ ಅಡುಗೆಯವರ ದಳ ಎ.ಸಿ.ಸಿ., 1957ರಲ್ಲಿ ಹುಟ್ಟಿದ ಸೋಮಾರಿ ಚಿತ್ರಪಾತ್ರ ಆಂಡಿ ಕ್ಯಾಪ್‌ನ ಹೆಸರಿನಿಂದ ‘ಆಂಡಿ ಕ್ಯಾಪ್ಸ್ ಕಮಾಂಡೋಸ್’ ಆಯಿತು. ಅಡುಗೆಯವನನ್ನು ಕಮಾಂಡೋ ಎಂದು ಕರೆಯುವಲ್ಲಿ ನಗುವಿರುವಂತೆ, ಅವನ ಸಾರು ಉಂಡು ಬದುಕಿದವನ ಸ್ವಂತ ಸಾಹಸದ ನೆನಪೂ ಇದ್ದಿರಬೇಕು.

ಆದರೆ ಖಾರಕ್ಕೆ ದೂರವೊಂದೇ ಅಳತೆಯಲ್ಲ. ಉಗ್ರಾಣದವನು ‘ಕಂಬಳಿ ಒಟ್ಟುವವನು’, ದಂತವೈದ್ಯ ‘ಕೋರೆಹಲ್ಲಿಗೆ ಲಾಳ ಹೊಡೆಯುವವನು’, ಪಾದ್ರಿ ‘ಆಕಾಶದ ಚಾಲಕ’ ಎಂಬಂಥ ಹೆಸರುಗಳಲ್ಲಿ ವಿಷವಿಲ್ಲ. ನಿಜವಾದ ವಿಷ ಕಾಣುವುದು ಒಬ್ಬನ ತಪ್ಪಿಗೆ ಇನ್ನೊಬ್ಬ ಜೀವ ತೆರಬೇಕಾದ ಕಡೆಯಲ್ಲಿ. ಬ್ರಿಟಿಷ್ ಪದಾತಿಗಳು ತಮ್ಮ ಫಿರಂಗಿದಳವನ್ನು ‘ಡ್ರಾಪ್ ಷಾರ್ಟ್ಸ್’, ಅಂದರೆ ಗುರಿಯ ಈಚೆಗೇ ಬೀಳಿಸುವವರು ಎನ್ನುತ್ತಾರೆ. ಮೈಲುಗಟ್ಟಲೆ ಹಿಂದಿನಿಂದ, ಮುಂದಿರುವ ತಮ್ಮವರ ತಲೆಯ ಮೇಲಿಂದ ಹಾಯಿಸಿದ ಗುಂಡು ಶತ್ರುವಿನ ಸಾಲನ್ನು ಮುಟ್ಟದೆ ನಡುವೆಯೇ ಕುಸಿದರೆ ಸಾಯುವವರು ಯಾರೆಂಬುದು ಹೆಸರಿನಲ್ಲೇ ಸ್ಪಷ್ಟವಿದೆ. ಮಿಲಿಟರಿ ಪೊಲೀಸರಂತೂ ಎಲ್ಲ ದೇಶಗಳಲ್ಲೂ ಬೈಗುಳಕ್ಕೆ ಮೀಸಲಾದವರು: ಬ್ರಿಟನ್ನಿನಲ್ಲಿ ಟೋಪಿಯ ಬಣ್ಣದಿಂದ ‘ರೆಡ್‌ಕ್ಯಾಪ್’ ಎಂಬ ಸೌಮ್ಯ ಹೆಸರು ಬಂದರೆ, ಎರಡನೆಯ ಮಹಾಯುದ್ಧದ ಜರ್ಮನ್ ಸೈನಿಕರು ಕತ್ತಿನಲ್ಲಿ ಸರಪಳಿಯಿಂದ ಲೋಹದ ಬಿಲ್ಲೆ ತೂಗುಹಾಕಿಕೊಂಡು ರಸ್ತೆ ಕಾಯುತ್ತಿದ್ದ ತಮ್ಮ ಪೊಲೀಸರನ್ನು ‘ಕೆಟ್ಟನ್‌ಹುಂಡೆ’, ಸರಪಳಿ ನಾಯಿಗಳು ಎಂದರು. ತಂಡದಿಂದ ತಪ್ಪಿಸಿಕೊಂಡವನನ್ನು ಹಿಡಿದು ಗಲ್ಲಿಗೆ ಕಳಿಸುವ ಅಧಿಕಾರಕ್ಕೆ ನೆರವಾಗುತ್ತಿದ್ದವರ ಮೇಲೆ ಅದಕ್ಕಿಂತ ಮೃದುವಾದ ಹೆಸರನ್ನು ನಿರೀಕ್ಷಿಸುವುದು ಕಷ್ಟ.

ವಾಯುಪಡೆಯಲ್ಲಿ ಮುಂದು, ಹಿಂದುಗಳ ಬದಲು ಮೇಲು, ಕೆಳಗುಗಳು ಕೆಲಸ ಮಾಡುತ್ತವೆ. ರೆಕ್ಕೆಯ ಬಿಲ್ಲೆಯಿಲ್ಲದ, ವಿಮಾನ ಹತ್ತದ ಅಧಿಕಾರಿಯನ್ನು ಬ್ರಿಟಿಷರು ‘ಪೆಂಗ್ವಿನ್’ ಎಂದರು, ರೆಕ್ಕೆ ಬಡಿಯುವುದೇ ಹೊರತು ಹಾರದ ಹಕ್ಕಿ. ಫ್ರೆಂಚರು ಅಂಥವನನ್ನು ‘ರಾಂಪಾಂ’, ತೆವಳುವವನು ಎಂದರು. ಒಬ್ಬರು ಹಕ್ಕಿಯನ್ನು, ಇನ್ನೊಬ್ಬರು ಹುಳುವನ್ನು ಆರಿಸಿಕೊಂಡದ್ದು ರುಚಿಭೇದವಷ್ಟೆ, ತಾತ್ಪರ್ಯ ಒಂದೇ. ಸಮುದ್ರದಲ್ಲಿ ಈ ಗಡಿ ನೀರಿನ ಮೇಲ್ಮೈ: ಅಮೆರಿಕದ ಜಲಾಂತರ್ಗಾಮಿ ನಾವಿಕರು, ನೀರಿನ ಮೇಲೆ ತೇಲುವ ಹಡಗುಗಳು ತಮ್ಮದೇ ದೇಶದವಾದರೂ ಅವುಗಳನ್ನು ‘ಟಾರ್ಗೆಟ್’, ಅಂದರೆ ಗುರಿಹಲಗೆ ಎನ್ನುತ್ತಾರೆ.

ಹಳೆಯ ಹಾಯಿಹಡಗುಗಳ ಪದಕೋಶವನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಮರೆಯಾದ ಸಲಕರಣೆಗಳು ಅಲ್ಲಿ ಹೆಸರುಗಳಾಗಿ ಉಳಿದಿವೆ. ಫಿರಂಗಿಗಳಿಗೆ ಮದ್ದು ತಂದುಕೊಡುತ್ತಿದ್ದ ಹುಡುಗ ‘ಪೌಡರ್ ಮಂಕಿ’, ಮದ್ದಿನ ಕೋತಿ. ಕಿಡಿ ತಾಗದಂತೆ, ಶತ್ರುವಿನ ಗುಂಡು ಮುಟ್ಟದಂತೆ ಮದ್ದನ್ನು ಹಡಗಿನ ತಳದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಇಡುತ್ತಿದ್ದುದರಿಂದ, ಅಲ್ಲಿಂದ ಮೇಲಿನ ಅಂತಸ್ತುಗಳವರೆಗೆ ಏಣಿ ಹತ್ತಿಳಿಯುತ್ತ, ಹೊಗೆಯಲ್ಲಿ ದಾರಿ ಹುಡುಕುತ್ತ, ಮುಚ್ಚಳವಿರುವ ಡಬ್ಬಿಯನ್ನು ಎದೆಗವಚಿಕೊಂಡು ಓಡುವ ಈ ಕೆಲಸಕ್ಕೆ ಬಗ್ಗಿ ನುಸುಳಬಲ್ಲ ಸಣ್ಣ ಮೈ ಬೇಕಿತ್ತು. ವೈದ್ಯನ ಸಹಾಯಕ ‘ಲಾಬ್‌ಲಾಲಿ ಬಾಯ್’. ಲಾಬ್‌ಲಾಲಿ ಎಂದರೆ ರೋಗಿಗಳಿಗೆ ಉಣಿಸುತ್ತಿದ್ದ ಗಂಜಿ, ಆದ್ದರಿಂದ ಗಂಜಿ ಹುಡುಗ ಎಂದರೆ ಸರಿಯಾದೀತು. ಉಗ್ರಾಣದ ಹಿಟ್ಟಿನ ಧೂಳಿನಲ್ಲಿ ಮುಳುಗಿರುತ್ತಿದ್ದವನು ‘ಜ್ಯಾಕ್ ಡಸ್ಟಿ’, ಧೂಳಿನ ಜ್ಯಾಕ್. ಹಿಟ್ಟಿನ ಪೀಪಾಯಿಗಳು ಹೋಗಿ ಶೀತಲ ಕೋಣೆಗಳು ಬಂದ ಮೇಲೂ ಬ್ರಿಟಿಷ್ ನೌಕಾಪಡೆಯ ದಾಸ್ತಾನುಗಾರನನ್ನು ಆ ಧೂಳು ಬಿಡಲಿಲ್ಲ. ಇವೆಲ್ಲಕ್ಕಿಂತ ವಿಚಿತ್ರವಾದದ್ದು ‘ಐಡ್ಲರ್ಸ್’, ಅಂದರೆ ಸೋಮಾರಿಗಳು ಎಂಬ ವರ್ಗ. ಬಡಗಿ, ಅಡುಗೆಯವನು, ಹಾಯಿ ಹೊಲಿಯುವವನು, ಪೀಪಾಯಿ ಮಾಡುವವನು ದಿನವಿಡೀ ದುಡಿದು ರಾತ್ರಿಪಾಳಿಯ ಕಾವಲಿಲ್ಲದೆ ಮಲಗುತ್ತಿದ್ದ ಒಂದೇ ಕಾರಣಕ್ಕೆ ಹಡಗಿನ ಅಧಿಕೃತ ಪಟ್ಟಿಯಲ್ಲೇ ಅವರು ಸೋಮಾರಿಗಳಾಗಿ ದಾಖಲಾದರು. ನಾಲ್ಕು ಗಂಟೆಗೊಮ್ಮೆ ಎದ್ದು ಹಾಯಿ ಹತ್ತುವವನ ಹೊಟ್ಟೆಕಿಚ್ಚು ಸರ್ಕಾರಿ ಭಾಷೆಯೊಳಗೂ ನುಗ್ಗಿದ್ದಕ್ಕೆ ಇದು ನಿದರ್ಶನ.

ತಂತಿರಹಿತ ಸಂದೇಶ ಬಂದಾಗಲೂ ಹೀಗೆಯೇ ಆಯಿತು. ಮೊದಲ ರೇಡಿಯೋ ಯಂತ್ರಗಳು ಎರಡು ಲೋಹದ ತುದಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ ತರಂಗ ಹೊರಡಿಸುತ್ತಿದ್ದುದರಿಂದ, ಅದನ್ನು ನಡೆಸುವವನು ‘ಸ್ಪಾರ್ಕ್ಸ್’, ಕಿಡಿಗಳು ಎನಿಸಿದ. ಕಿಡಿಯ ಯಂತ್ರ ಮೂಲೆಗೆ ಬಿದ್ದು ಬಹುಕಾಲವಾದರೂ ಹೆಸರು ನಿಂತಿತು. ಜರ್ಮನಿಯಲ್ಲಂತೂ ರೇಡಿಯೋ ನಡೆಸುವವನ ಅಧಿಕೃತ ಹುದ್ದೆಯೇ ‘ಫುಂಕರ್’, ಕಿಡಿಯವನು. ಬ್ರಿಟನ್ನಿನ ನೆಲಸೇನೆಯ ಸಂಪರ್ಕದಳದವರಿಗೆ ‘ಸ್ಕೇಲಿ’, ಮೈ ಹುರುಪೆಗಟ್ಟಿದವರು ಎಂಬ ಹೆಸರಿದೆ. ಬೆನ್ನಿಗೆ ಕಟ್ಟಿಕೊಂಡ ರೇಡಿಯೋದ ಬ್ಯಾಟರಿಯಿಂದ ಆಮ್ಲ ಸೋರಿ ಚರ್ಮ ಸುಲಿಯುತ್ತಿತ್ತೆಂಬ ವಿವರಣೆಯನ್ನು ಆ ದಳದವರೇ ಕೊಡುತ್ತಾರೆ.

ಹೆಸರು ಹುಟ್ಟುವುದನ್ನು ಕಣ್ಣೆದುರೇ ಕಾಣಬೇಕಾದರೆ ಅಮೆರಿಕದ ವಿಮಾನವಾಹಕ ಹಡಗಿನ ಡೆಕ್ ತಕ್ಕ ಜಾಗ. ಜೆಟ್ ಎಂಜಿನ್ನುಗಳ ಅಬ್ಬರದಲ್ಲಿ ಅಲ್ಲಿ ಮಾತು ಕೇಳಿಸುವುದಿಲ್ಲ, ಎಲ್ಲರ ಮುಖವೂ ಶಿರಸ್ತ್ರಾಣ, ಕನ್ನಡಕ, ಕಿವಿಮುಚ್ಚಿಗೆಗಳ ಹಿಂದೆ ಮರೆಯಾಗಿರುತ್ತದೆ, ಒಂದು ಹೆಜ್ಜೆ ತಪ್ಪಿದರೆ ಎಂಜಿನ್ ಒಳಗೆಳೆದುಕೊಳ್ಳುತ್ತದೆ ಅಥವಾ ಬಿಸಿಗಾಳಿ ಸಮುದ್ರಕ್ಕೆ ಎಸೆಯುತ್ತದೆ. ಆದ್ದರಿಂದ ಕೆಲಸವನ್ನು ಅಂಗಿಯ ಬಣ್ಣವೇ ಸಾರಬೇಕು: ವಿಮಾನಗಳಿಗೆ ದಾರಿ ತೋರುವವರದು ಹಳದಿ, ಬಾಂಬು ತೂಗುಹಾಕುವವರದೂ ಬೆಂಕಿ ಆರಿಸುವವರದೂ ಕೆಂಪು, ವಿಮಾನವನ್ನು ಚಿಮ್ಮಿಸುವ ಮತ್ತು ತಡೆದು ನಿಲ್ಲಿಸುವ ಯಂತ್ರದವರದು ಹಸಿರು, ವಿಮಾನ ತಳ್ಳಿ ಸರಪಳಿ ಬಿಗಿಯುವವರದು ನೀಲಿ, ವೈದ್ಯಕೀಯದವರದು ಬಿಳಿ. ಇಂಧನ ತುಂಬುವವರಿಗೆ ನೇರಳೆ ಬಣ್ಣ ಬಂದದ್ದೇ ತಡ ಅವರು ‘ಗ್ರೇಪ್ಸ್’, ದ್ರಾಕ್ಷಿಗಳಾದರು. ಭಾರದ ಕೊಳವೆ ಎಳೆಯುತ್ತ, ಇಂಧನದ ವಾಸನೆಯಲ್ಲಿ ಮುಳುಗಿ ಬಿಸಿ ಲೋಹದ ಪಕ್ಕ ನಿಲ್ಲುವ ಆ ಹುಡುಗ ಹುಡುಗಿಯರು ಆ ಹೆಸರನ್ನು ತಾವೇ ಹೇಳಿಕೊಳ್ಳುತ್ತಾರೆ. ಗುಂಡು ಹಾರದಿದ್ದರೂ ಸಾವು ಎಲ್ಲರಿಗೂ ಒಂದೇ ದೂರದಲ್ಲಿರುವ ಜಾಗವಾದ್ದರಿಂದಲೋ ಏನೋ, ಅಂಗಿಯಿಂದ ಬಂದ ಹೆಸರಿನಲ್ಲಿ ಹೀಯಾಳಿಕೆ ಕಾಣುವುದಿಲ್ಲ.

ಈ ಎಲ್ಲ ಗೇಲಿಯ ನಡುವೆ ಎಂದೂ ಗೇಲಿಗೆ ಸಿಗದ ಹೆಸರೊಂದಿದೆ. ಅಮೆರಿಕದ ಮರೀನ್ ದಳಕ್ಕೆ ಸ್ವಂತ ವೈದ್ಯಕೀಯ ಸಿಬ್ಬಂದಿಯಿಲ್ಲ. ನೌಕಾಪಡೆಯ ‘ಕೋರ್‌ಮನ್’ ಎಂಬ ಶುಶ್ರೂಷಕ ಅವರ ಜೊತೆ ಕಂದಕಕ್ಕೆ ಹೋಗುತ್ತಾನೆ. ಅವನು ವೈದ್ಯನಲ್ಲ, ವೈದ್ಯ ಪದವಿಯೂ ಅವನಿಗಿಲ್ಲ, ಬೇರೆ ಪಡೆಯಿಂದ ಬಂದ ಹೊರಗಿನವನು ಬೇರೆ. ಆದರೂ ಗಾಯಾಳುವಿನ ಕೂಗು ಕೇಳಿ ಗುಂಡಿನ ನಡುವೆ ತೆವಳಿಕೊಂಡು ಬರುವವನು ಅವನೇ ಎಂಬುದು ಗೊತ್ತಾದ ದಿನದಿಂದ ಇಡೀ ತುಕಡಿಗೆ ಅವನು ‘ಡಾಕ್’. ಬಂದ ಮೊದಲ ದಿನವೇ ಆ ಹೆಸರು ಸಿಗುವುದಿಲ್ಲ, ಗಳಿಸಬೇಕಾಗುತ್ತದೆ ಎಂಬುದು ಅಲ್ಲಿನ ಸಂಪ್ರದಾಯ. ಮೆಡಿಕಲ್ ಕೋರ್‌ನ ಅಕ್ಷರಗಳಲ್ಲಿ ಕಳ್ಳತನ ಓದಿದ ಅದೇ ಸೈನಿಕಲೋಕ, ಪಕ್ಕದಲ್ಲಿ ಮಲಗುವ ಒಬ್ಬ ಶುಶ್ರೂಷಕನಿಗೆ ಮಾತ್ರ ಪದವಿ ದಯಪಾಲಿಸುತ್ತದೆ. ಫ್ರೆಂಚರು ವೈದ್ಯನಿಗೆ ಬಳಸುವ ‘ತೂಬಿಬ್’ ಎಂಬ ಆತ್ಮೀಯ ಪದ ಅರಬ್ಬಿಯ ತಬೀಬ್. ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಪಡೆಗಳ ಮೂಲಕ ಪ್ಯಾರಿಸಿನ ಬೀದಿಗೆ ಬಂತು. ಇಂಥ ಅಕ್ಕರೆ ವೈದ್ಯರಿಗಷ್ಟೇ ಮೀಸಲಲ್ಲ: ಜರ್ಮನ್ ಸೇನೆಯ ಕಂಪನಿಯೊಂದರ ಹಿರಿಯ ಸಾರ್ಜೆಂಟ್ ‘ಷ್ಪೀಸ್’, ಅಂದರೆ ಈಟಿ. ಬೈದು, ಹೆದರಿಸಿ, ಊಟ ರಜೆಗಳ ಚಿಂತೆ ಮಾಡುವ ಅವನನ್ನೇ ‘ಕಂಪನಿಯ ತಾಯಿ’ ಎಂದೂ ಕರೆಯುತ್ತಾರೆ.

ಭಯ ಹೆಚ್ಚಾದ ಕೆಲಸಗಳಿಗೆ ಇಟ್ಟ ಹೆಸರುಗಳು ಮಾತ್ರ ವಿಚಿತ್ರವಾಗಿ ಹಗುರ. ಎರಡನೆಯ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಏಳು ಮಂದಿಯಲ್ಲಿ ಆರು ಜನ ಮುಂಭಾಗದಲ್ಲಿ, ಮಧ್ಯದಲ್ಲಿ ಇರುತ್ತಿದ್ದರೆ, ಏಳನೆಯವನು ಬಾಲದ ತುದಿಯ ಗಾಜಿನ ಗೂಡಿನಲ್ಲಿ ನಾಲ್ಕು ಮಷೀನ್ ಗನ್ನುಗಳ ಹಿಂದೆ ಒಬ್ಬನೇ ಕೂರುತ್ತಿದ್ದ. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ತೊಟ್ಟರೂ ಕೊರೆಯುವ ಚಳಿ, ಇರುಳಿನಲ್ಲಿ ಚೆನ್ನಾಗಿ ಕಾಣಲೆಂದು ಎದುರಿನ ಪಾರದರ್ಶಕ ಹಾಳೆಯನ್ನೇ ಕಿತ್ತುಹಾಕಿದ್ದರಿಂದ ಇನ್ನೂ ಚಳಿ, ಶತ್ರುವಿಮಾನ ಹಿಂದಿನಿಂದ ಬಂದರೆ ಮೊದಲ ಬಲಿ ಅವನೇ. ಅವನ ಹೆಸರು ‘ಟೇಲ್ ಎಂಡ್ ಚಾರ್ಲಿ’, ಬಾಲದ ತುದಿಯ ಚಾರ್ಲಿ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರೆಂಬ ಲೆಕ್ಕದ ಪಕ್ಕದಲ್ಲಿ ಆ ಹೆಸರಿಟ್ಟು ಓದಬೇಕು. ವಿಯೆಟ್ನಾಮಿನ ಕೂಚಿ ಪ್ರದೇಶದ ಸುರಂಗಗಳಿಗೆ ಟಾರ್ಚು, ಪಿಸ್ತೂಲುಗಳನ್ನಷ್ಟೇ ಹಿಡಿದು ತಲೆ ಮೊದಲು ಮಾಡಿ ಇಳಿಯುತ್ತಿದ್ದವರು ‘ಟನಲ್ ರ‍್ಯಾಟ್ಸ್’, ಸುರಂಗದ ಇಲಿಗಳು. ಹೆಸರನ್ನು ಅವರು ಬಿಲ್ಲೆಯಾಗಿ ತೋಳಿಗೆ ಹೊಲಿಸಿಕೊಂಡರು. ಹೊರಗಿನವನ ಹೀಯಾಳಿಕೆಯನ್ನು ಒಳಗಿನವರು ಪದಕವಾಗಿಸಿಕೊಳ್ಳುವ ಈ ತಿರುವು ಅಮೆರಿಕದ ಮರೀನರಲ್ಲೂ ಇದೆ: 1798ರಿಂದ 1872ರವರೆಗೆ ಕತ್ತಿಗೆ ಕಟ್ಟಬೇಕಾಗಿದ್ದ ಗಟ್ಟಿ ಚರ್ಮದ ಪಟ್ಟಿಯಿಂದಾಗಿ ಬಂದ ‘ಲೆದರ್‌ನೆಕ್’, ಚರ್ಮದ ಕುತ್ತಿಗೆಯವನು ಎಂಬ ಕುಚೋದ್ಯ ಮುಂದೆ ಅವರ ಪತ್ರಿಕೆಯ ಹೆಸರಾಯಿತು. 1942ರಲ್ಲಿ ಅಮೆರಿಕದ ನೌಕಾಪಡೆ ಕಟ್ಟಡ ಕೆಲಸದ ಬೆಟಾಲಿಯನ್ನುಗಳನ್ನು ಕಟ್ಟಿದಾಗ ಅವುಗಳ ಮೊದಲಕ್ಷರ ಸಿ.ಬಿ. ಎಂಬುದು ಉಚ್ಚಾರದಲ್ಲಿ ‘ಸೀಬೀ’, ಕಡಲ ಜೇನ್ನೊಣವಾಗಿ, ಅದೇ ವರ್ಷ ಸರ್ಕಾರವೇ ಆ ಹೆಸರನ್ನು ಒಪ್ಪಿಕೊಂಡಿತು.

ಭಾರತದ ಮಟ್ಟಿಗೆ ಹೇಳುವುದಾದರೆ, ಇಲ್ಲಿನ ಸೈನ್ಯದ ಹಲವು ಹುದ್ದೆಗಳ ಹೆಸರಿನೊಳಗೇ ಹಳೆಯ ಅಡ್ಡಹೆಸರು ಅಡಗಿದೆ. ತೊಗಲಿನ ಚೀಲದಲ್ಲಿ ನೀರು ಹೊತ್ತು ಬಾಯಾರಿದವರಿಗೆ ಕೊಡುತ್ತಿದ್ದ ಭಿಸ್ತಿಯ ಹೆಸರು ಪಾರ್ಸಿಯ ‘ಬಿಹಿಷ್ತಿ’, ಸ್ವರ್ಗದವನು ಎಂಬುದರಿಂದ ಬಂದದ್ದು. ಬಿಸಿಲಿನಲ್ಲಿ ಮೈಲುಗಟ್ಟಲೆ ನಡೆದವರು ಕೃತಜ್ಞತೆಯಿಂದ ಕರೆದ ಮಾತು ಕೊನೆಗೆ ಸಂಬಳದ ಪಟ್ಟಿಗೆ ಸೇರಿತು. ಅಧಿಕಾರಿಯ ಸಹಾಯಕನಿಗಿದ್ದ ‘ಬ್ಯಾಟ್‌ಮನ್’ ಎಂಬ ಹೆಸರಿನಲ್ಲಿ ಬಾವಲಿಯೂ ಇಲ್ಲ, ಕ್ರಿಕೆಟ್ ಬ್ಯಾಟೂ ಇಲ್ಲ. ಫ್ರೆಂಚಿನ ‘ಬಾ’ ಎಂದರೆ ಹೇರುಕುದುರೆಯ ಜೀನು, ಆ ಕುದುರೆಯನ್ನು ನೋಡಿಕೊಳ್ಳುವವನೇ ಬ್ಯಾಟ್‌ಮನ್. ಲಂಗರಿನ ಅಡುಗೆಯವನು ‘ಲಾಂಗ್ರಿ’, ಕವಾಯತು ಕಲಿಸುವವನು ‘ಉಸ್ತಾದ್’. ಅಶ್ವದಳದ ದಫೇದಾರನಂತೂ ಕರ್ನಾಟಕದ ಜಿಲ್ಲಾಧಿಕಾರಿಗಳ ಕಚೇರಿಗೆ ಬಂದು ಬಾಗಿಲ ಬಳಿ ನಿಂತಿದ್ದಾನೆ. ‘ಸ್ಯಾಪರ್’ ಎಂಬುದೂ ಕೋಟೆಯತ್ತ ಅಂಕುಡೊಂಕಾಗಿ ತೋಡಿಕೊಂಡು ಹೋಗುವ ಕಂದಕಕ್ಕೆ ಫ್ರೆಂಚಿನಲ್ಲಿರುವ ‘ಸಾಪ್’ ಎಂಬುದರಿಂದ ಬಂದ ಹೆಸರು. 1780ರಲ್ಲಿ ಹುಟ್ಟಿ, ಇಂದು ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್‌ನ ಯೋಧರನ್ನು ಉಳಿದ ಸೈನ್ಯ ‘ತಂಬಿ’, ತಮ್ಮ ಎಂದು ಕರೆಯುತ್ತದೆ; ಊರು ಕೋಲಾರವಾಗಲಿ, ಕೊಲ್ಲಂ ಆಗಲಿ, ಸೇರಿದ ಮೇಲೆ ಎಲ್ಲರೂ ತಂಬಿಗಳೇ. ಇದೇ ದಳದೊಡನಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ, ಮುಳ್ಳುತಂತಿಯ ಬೇಲಿಯ ಕೆಳಗೆ ತೂರಿಸಿ ಸಿಡಿಸುವ ಉದ್ದನೆಯ ಕೊಳವೆಗೆ ‘ಬ್ಯಾಂಗಲೋರ್ ಟಾರ್ಪೆಡೊ’ ಎಂದು ಹೆಸರಾಯಿತು, 1944ರ ನಾರ್ಮಂಡಿಯ ದಂಡೆಯಲ್ಲಿ ತಂತಿಬೇಲಿ ಸೀಳಿದ್ದೂ ಅದೇ.

ಇಂಥ ಹೆಸರುಗಳ ಮೂಲ ಹುಡುಕುವಾಗ ಎಚ್ಚರ ಅಗತ್ಯ. ಮೊದಲ ಮಹಾಯುದ್ಧದ ಅಮೆರಿಕನ್ ಪದಾತಿಗೆ ‘ಡೋಬಾಯ್’, ಕಣಕದ ಹುಡುಗ ಎಂಬ ಹೆಸರು ಏಕೆ ಬಂತೆಂಬುದಕ್ಕೆ ಅಂಗಿಯ ಗುಂಡಿ, ಮೆಕ್ಸಿಕೋದ ಮಣ್ಣಿನ ಧೂಳು, ಪಟ್ಟಿಗೆ ಬಳಿಯುತ್ತಿದ್ದ ಬಿಳಿ ಜೇಡಿ ಎಂದು ಹಲವು ಕಥೆಗಳಿದ್ದು ಯಾವುದೂ ಸ್ಥಿರಪಟ್ಟಿಲ್ಲ. ಯುದ್ಧ ಮುಗಿದ ಬೆನ್ನಿಗೇ ಬ್ರಿಟನ್ನಿನಲ್ಲಿ ಫ್ರೇಸರ್ ಮತ್ತು ಗಿಬ್ಬನ್ಸ್ 1925ರಲ್ಲಿ, ಬ್ರೋಫಿ ಮತ್ತು ಪಾರ್ಟ್ರಿಜ್ 1930ರಲ್ಲಿ ಸೈನಿಕರ ಮಾತುಗಳನ್ನು ಕೋಶವಾಗಿಸಿದ್ದರಿಂದ ‘ಬೇಸ್ ವಾಲಾ’ನಂಥವನು ಇಂದಿಗೂ ಅರ್ಥದೊಡನೆ ಸಿಗುತ್ತಾನೆ, ಆಗ ಆ ಮಾತುಗಳನ್ನು ಆಡಿದವರು ಇನ್ನೂ ಬದುಕಿದ್ದರು. 1965ರಲ್ಲಿ, 1971ರಲ್ಲಿ ಕಾದಿದ ಕೊಡಗಿನ, ಹಾಸನದ, ಬೆಳಗಾವಿಯ ಸೈನಿಕರಿಗೆ ಈಗ ಎಪ್ಪತ್ತೋ ಎಂಬತ್ತೋ ದಾಟಿದ ವಯಸ್ಸು. ಮನೆಯಲ್ಲಿ, ಓಣಿಯಲ್ಲಿ ಅಂಥ ಹಿರಿಯರಿರುವ ಓದುಗರು ಪದಕಗಳ ಬಗ್ಗೆ ವಿಚಾರಿಸಿದ ಮೇಲೆ, ಅಡುಗೆಯವನನ್ನು, ಗುಮಾಸ್ತನನ್ನು, ರೇಡಿಯೋ ಹೊರುವವನನ್ನು ಏನೆಂದು ಕರೆಯುತ್ತಿದ್ದಿರಿ ಎಂದೂ ಕೇಳಿ, ಉತ್ತರವನ್ನು ತಾರೀಖಿನ ಸಮೇತ ಬರೆದಿಡಬೇಕು.